ಪಕ್ಕದ ಸೀಟಿನ ಬ್ರೇಕು

ಕಾರು ಕಲಿಸುವ ಮೇಷ್ಟ್ರಿಗೆ ತಮ್ಮ ಬಲಗಾಲಿನ ಮೇಲಿದ್ದ ಅಭಿಮಾನ ಹೆತ್ತ ಮಕ್ಕಳ ಮೇಲೂ ಇರಲಿಲ್ಲ. ಅವರ ಕಾರಿನಲ್ಲಿ ಬ್ರೇಕು ಎರಡು. ಒಂದು ಕಲಿಯುವವರ ಕಾಲಿಗೆ, ಇನ್ನೊಂದು ಪಕ್ಕದ ಸೀಟಿನಲ್ಲಿ ಕೂತ ಮೇಷ್ಟ್ರ ಕಾಲಿಗೆ. ಕಲಿಯುವವರು ಗೋಡೆಗೆ ಗುದ್ದಲು ಹೊರಟಾಗ, ಚರಂಡಿಗೆ ಇಳಿಯಲು ಹೊರಟಾಗ, ಎದುರಿನ ಲಾರಿಯನ್ನು ಕಂಡು ಕಣ್ಣು ಮುಚ್ಚಿಕೊಂಡಾಗ, ಆ ಎರಡನೇ ಬ್ರೇಕು ಸದ್ದಿಲ್ಲದೆ ಕೆಳಗಿಳಿಯುತ್ತಿತ್ತು. ಇಪ್ಪತ್ತಾರು ವರ್ಷದಲ್ಲಿ ಒಂದು ಗೀರೂ ಆಗಿರಲಿಲ್ಲ. "ಸ್ಟಿಯರಿಂಗ್ ನಿಮ್ದು, ಆಯುಸ್ಸು ನನ್ನ ಕಾಲಿಂದು" ಎಂದು ಮೊದಲ ದಿನವೇ ಹೇಳಿ, ತಮ್ಮ ಮಾತಿಗೆ ತಾವೇ ನಗುತ್ತಿದ್ದರು. ಕಲಿಯಲು ಬಂದವರು ಹೆದರಿಕೆಯಿಂದ ನಗುತ್ತಿದ್ದರು.

ಈ ಸಲ ಕಲಿಯುತ್ತಿದ್ದವಳು ಅವರ ಸ್ವಂತ ತಂಗಿ. ಆಸ್ಪತ್ರೆಯ ಲಾಂಡ್ರಿಯಲ್ಲಿ ಹನ್ನೊಂದು ವರ್ಷದಿಂದ ದೊಡ್ಡ ಇಸ್ತ್ರಿ ಯಂತ್ರದ ಮುಂದೆ ನಿಂತು ನಿಂತು ಮಂಡಿ ಸವೆಸಿಕೊಂಡವಳು. ಗಂಡ ಎಂಬ ಪ್ರಾಣಿ ಎಂದೋ ಕಂಬಿ ಕಿತ್ತಿದ್ದ. ಶಾಲೆಗೆ ಹೋಗುವ ಒಬ್ಬ ಮಗಳಿದ್ದಳು. ಲಾಂಡ್ರಿಯ ವ್ಯಾನ್ ಓಡಿಸುವ ಮುದುಕ ತಿಂಗಳ ಕೊನೆಗೆ ನಿವೃತ್ತನಾಗುವವನಿದ್ದ. ಲಾಂಡ್ರಿಯ ಮೇಲ್ವಿಚಾರಕಿ ಇವಳನ್ನು ಕರೆದು, "ಅಷ್ಟರಲ್ಲಿ ಲೈಸೆನ್ಸ್ ತಂದ್ರೆ ವ್ಯಾನು ನಿಂದೇ, ತರ್ಲಿಲ್ಲ ಅಂದ್ರೆ ಬೇರೆಯವ್ರಿಗೆ" ಎಂದಿದ್ದಳು. "ಕೂತು ಮಾಡೋ ಕೆಲಸ ಅಣ್ಣ" ಎಂದು ತಂಗಿ ಹೇಳಿದ ರೀತಿ ಹೇಗಿತ್ತೆಂದರೆ, ಸ್ವರ್ಗದ ಬಗ್ಗೆಯೂ ಜನ ಅಷ್ಟು ಆಸೆಯಿಂದ ಮಾತಾಡುವುದಿಲ್ಲ. ಪರೀಕ್ಷೆಯ ದಿನವೂ ಗೊತ್ತಾಯಿತು, ಬೆಳಿಗ್ಗೆ ಹತ್ತಕ್ಕೆ.

ತಂಗಿಯೆಂದು ಮೇಷ್ಟ್ರು ಪುಕ್ಕಟೆ ಕಲಿಸಿದರು. ಪುಕ್ಕಟೆಯಾದ್ದರಿಂದ ಬೈಗುಳವೂ ಧಾರಾಳವಾಗಿತ್ತು. "ನನ್ನ ಕಾಲು ಯಾಕೆ ನೋಡ್ತೀಯೇ? ನಾಳೆ ವ್ಯಾನಲ್ಲಿ ನಿನ್ನ ಪಕ್ಕ ನಾನಿರ್ತೀನಾ? ರಸ್ತೆ ನೋಡು!" ಅವಳು ರಸ್ತೆ ನೋಡುವುದನ್ನು ಕಲಿತಳು. ಎಷ್ಟು ಚೆನ್ನಾಗಿ ಕಲಿತಳೆಂದರೆ, ಆಮೇಲೆ ಅಣ್ಣನ ಕಾಲಿನ ಕಡೆ ಒಮ್ಮೆಯೂ ತಿರುಗಲಿಲ್ಲ.

ಪರೀಕ್ಷೆಯ ಹಿಂದಿನ ದಿನ ಬೆಳಿಗ್ಗೆ ಲೈಸೆನ್ಸ್ ಕಚೇರಿಯ ಹಿಂದಿನ ನೇರ ರಸ್ತೆಯಲ್ಲಿ ಅವಳು ಮೂರನೇ ಗೇರಿನಲ್ಲಿ ಹೋಗುತ್ತಿದ್ದಳು. ಎರಡೂ ಕಡೆ ಕಾಂಪೌಂಡು ಗೋಡೆ, ಎದುರಿಗೆ ನರಪಿಳ್ಳೆ ಇಲ್ಲ. ಅವಳು ಚೆನ್ನಾಗಿ ಓಡಿಸುತ್ತಿದ್ದಳು, ಅದೇ ಅವಳ ಗ್ರಹಚಾರ. ಕೆಟ್ಟದಾಗಿ ಓಡಿಸಿದ್ದರೆ ಮೇಷ್ಟ್ರ ಕಾಲು ಬ್ರೇಕಿನ ಮೇಲಿರುತ್ತಿತ್ತು. ಚೆನ್ನಾಗಿ ಓಡಿಸುತ್ತಿದ್ದದ್ದರಿಂದ ಮೇಷ್ಟ್ರು ನಿಶ್ಚಿಂತೆಯಾಗಿ ಬೂಟು ಕಳಚಿ, ಬಲಗಾಲನ್ನು ಎಡತೊಡೆಯ ಮೇಲೆ ಏರಿಸಿ, ಪಾದದಲ್ಲಿ ಎದ್ದಿದ್ದ ಆಣಿಯನ್ನು ಮನೆ ಬೀಗದ ಕೈಯಿಂದ ಕೆರೆದುಕೊಳ್ಳುತ್ತಿದ್ದರು. ಆಣಿ ಇದ್ದವರಿಗೆ ಗೊತ್ತು, ಅದನ್ನು ಕೆರೆಯುವಾಗ ಎಂಥ ಹಿತ ಎಂದು.

ಗೋಡೆ ಕುಸಿದಿದ್ದ ಸಂದಿಯಿಂದ ನಾಯಿ ಹೊರಬಂತು. ಕಂದು ಬಣ್ಣದ, ದಪ್ಪ ಹೊಟ್ಟೆಯ ಮುದಿ ನಾಯಿ. ತಪ್ಪಿಸಿಕೊಂಡ ಖುಷಿಯಲ್ಲಿ ರಸ್ತೆಯ ಮಧ್ಯಕ್ಕೆ ಬಂದು ನಿಂತು ಕಾರನ್ನೇ ನೋಡಿತು. ತಂಗಿ ಬ್ರೇಕು ತುಳಿದಳು. ಸರಿಯಾದ ಪೆಡಲನ್ನೇ, ಪೂರ್ತಿ ಬಲ ಹಾಕಿ ತುಳಿದಳು. ಹೊಸಬರೆಲ್ಲ ತುಳಿಯುವ ಹಾಗೆ ಅರೆಕ್ಷಣ ತಡವಾಗಿ ತುಳಿದಳು, ಅಷ್ಟೇ. ಆ ಅರೆಕ್ಷಣಕ್ಕೆಂದೇ ಪಕ್ಕದಲ್ಲಿ ಇನ್ನೊಂದು ಬ್ರೇಕು ಇರುವುದು. ಮೇಷ್ಟ್ರ ಕಾಲು ತೊಡೆಯಿಂದ ಇಳಿಯುವಷ್ಟರಲ್ಲಿ ಟೈರು ಕಿರುಚಿ, ಕಾರು ಒಮ್ಮೆ ಸಣ್ಣಗೆ ಏರಿ ಇಳಿದು, ನಿಂತಿತು.

ತಂಗಿ ಬಾಗಿಲು ತೆಗೆದು ಓಡಿದಳು. ಮೇಷ್ಟ್ರು ಮೊದಲು ಮಾಡಿದ ಕೆಲಸ ಬೂಟು ಹಾಕಿಕೊಂಡದ್ದು. ಲೇಸನ್ನೂ ಕಟ್ಟಿದರು.

ನಾಯಿ ಸತ್ತಿರಲಿಲ್ಲ. ಹಿಂಭಾಗ ರಸ್ತೆಗೆ ಅಂಟಿಕೊಂಡಂತಿತ್ತು. ಮುಂಗಾಲುಗಳು ಮಾತ್ರ ಎದ್ದು ಹೋಗೋಣವೆಂದು ಹಟ ಹಿಡಿದಿದ್ದವು. ತಂಗಿ ಸ್ವೆಟರ್ ಬಿಚ್ಚಿ ಅದಕ್ಕೆ ಹೊದಿಸಿ, ತಲೆ ಸವರುತ್ತ, "ತಪ್ಪಾಯ್ತು ಕಣಪ್ಪಾ, ತಪ್ಪಾಯ್ತು" ಎನ್ನುತ್ತಿದ್ದಳು. ನಾಯಿ ಅವಳ ಕೈ ಕಚ್ಚಲಿಲ್ಲ. ಕಚ್ಚಿದ್ದರೆ ಅವಳಿಗೇ ಸ್ವಲ್ಪ ಸಮಾಧಾನವಾಗುತ್ತಿತ್ತೋ ಏನೋ.

ಮೇಷ್ಟ್ರು ಕೊರಳಿನ ಕೆಂಪು ಬೆಲ್ಟು ನೋಡಿದರು. ಅದು ಲೈಸೆನ್ಸ್ ಸಾಹೇಬರ ನಾಯಿ. ಊರಿನ ಸಕಲರಿಗೂ ಪರೀಕ್ಷೆ ಮಾಡಿ ಲೈಸೆನ್ಸ್ ಕೊಡುವವರು, ಕಾರು ಕಲಿಸುವ ಶಾಲೆಗಳಿಗೆ ಪರವಾನಗಿ ಕೊಡುವವರು, ಬೇಡವೆನಿಸಿದರೆ ಕಿತ್ತುಕೊಳ್ಳುವವರು, ಎಲ್ಲ ಆ ಸಾಹೇಬರೇ. ಮನುಷ್ಯರ ಜೊತೆ ಅಳೆದು ತೂಗಿ ಮಾತಾಡುವ ಆಸಾಮಿ ಈ ನಾಯಿಯ ಜೊತೆ ಮಾತ್ರ ಮಗುವಿನ ಹಾಗೆ ತೊದಲುತ್ತಿದ್ದದ್ದನ್ನು ಮೇಷ್ಟ್ರು ಎಷ್ಟೋ ಸಲ ಕಂಡಿದ್ದರು.

"ಏಳೇ, ಗಾಡಿ ಹತ್ತು. ಬೀದಿ ನಾಯಿ ಅದು."

"ಬೆಲ್ಟ್ ಇದೆಯಲ್ಲ ಅಣ್ಣ. ಫೋನ್ ನಂಬರ್ ಕೂಡ ಬರೆದಿದಾರೆ."

"ಯಾರೂ ನೋಡಿಲ್ಲ ಕಣೇ. ನಾಳೆ ಪರೀಕ್ಷೆ ಇದೆ ನಿಂಗೆ, ನೆನಪಿದೆಯಾ?"

"ಇದು ನೋಡ್ತಿದೆಯಲ್ಲ" ಎಂದು ತಂಗಿ ನಾಯಿಯ ಕಡೆ ಗಲ್ಲ ತೋರಿಸಿ, ಆಗಲೇ ಫೋನ್ ಒತ್ತಿದ್ದಳು. "ನಮಸ್ಕಾರ, ನಿಮ್ಮ ನಾಯಿಗೆ ಗಾಡಿ ತಾಕಿದೆ... ಹೌದು, ಜೀವ ಇದೆ... ನಾನೇ, ನಾನೇ ಓಡಿಸ್ತಿದ್ದಿದ್ದು." ಒಳ್ಳೆಯವರ ಜೊತೆ ಬಾಳುವೆ ಎಷ್ಟು ಕಷ್ಟವೆಂದು ಮೇಷ್ಟ್ರಿಗೆ ಆಗ ಅನಿಸಿತು. ಅದು ಯಾರ ನಂಬರೆಂದು ಅವಳಿಗೆ ಇನ್ನೂ ಗೊತ್ತಿರಲಿಲ್ಲ.

ಸಾಹೇಬರು ಮನೆಯ ಚಪ್ಪಲಿಯಲ್ಲೇ ಓಡಿ ಬಂದರು. ಅರ್ಧ ಮುಖದಲ್ಲಿ ಕ್ಷೌರದ ನೊರೆ ಹಾಗೇ ಇತ್ತು. ರಸ್ತೆಯಲ್ಲೇ ಕೂತು "ಮರೀ, ಮರೀ" ಎಂದು ಎರಡು ಸಲ ಕರೆದರು. ನಾಯಿ ಬಾಲ ಆಡಿಸಲು ನೋಡಿತು. ಬಾಲ ಇದ್ದ ಕಡೆಗೆ ಅದರ ಆಜ್ಞೆ ತಲುಪಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಕಣ್ಣು ಅವರ ಮೇಲಿದ್ದಂತೆಯೇ ಸತ್ತುಹೋಯಿತು.

ಸಾಹೇಬರು ಎದ್ದರು. ಬೈಯಲಿಲ್ಲ, ಕೂಗಾಡಲಿಲ್ಲ. ನೊರೆ ಒರೆಸಿಕೊಂಡು, ತಂಗಿಯ ಕಡೆ ನೋಡದೆ, ಮೇಷ್ಟ್ರನ್ನು ಕೇಳಿದರು:

"ನಿಮ್ಮ ಕಾಲೆಲ್ಲಿತ್ತು ಮೇಷ್ಟ್ರೇ?"

ಈ ಕಸುಬಿನಲ್ಲಿ ಕೇಳಬೇಕಾದ ಪ್ರಶ್ನೆ ಇದೊಂದೇ. ಕಲಿಯುವವರು ಏನೇ ಮಾಡಲಿ, ಹೊಣೆ ಪಕ್ಕದ ಸೀಟಿನವನದು. ಅದು ಸಾಹೇಬರಿಗೂ ಗೊತ್ತು, ಮೇಷ್ಟ್ರಿಗೂ ಗೊತ್ತು. ಕಾಲು ತೊಡೆಯ ಮೇಲಿತ್ತು ಸಾರ್ ಎಂದಿದ್ದರೆ ಆರು ತಿಂಗಳು ಶಾಲೆಗೆ ಬೀಗ ಬೀಳುತ್ತಿತ್ತು, ಊರಲ್ಲಿ ಮಾನ ಹೋಗುತ್ತಿತ್ತು. ತಂಗಿಯ ಮೇಲೆ ಮಾತ್ರ ಒಂದಿಷ್ಟೂ ತಪ್ಪು ಬರುತ್ತಿರಲಿಲ್ಲ. ಮರುದಿನ ಹತ್ತು ಗಂಟೆಗೆ ಅವಳು ಪರೀಕ್ಷೆಗೆ ಕೂರಬಹುದಿತ್ತು. ಇಷ್ಟನ್ನೂ ಮೇಷ್ಟ್ರು ಯೋಚಿಸಿದರು. ಗೊತ್ತಿಲ್ಲದೆ ಬಾಯಿ ಜಾರಿತೆಂದು ಹೇಳಿ ಅವರನ್ನು ಕಾಪಾಡುವ ಇಷ್ಟ ನನಗಿಲ್ಲ.

"ಬ್ರೇಕ್ ಮೇಲೇ ಇತ್ತು ಸಾರ್. ಇವಳು ಗಾಬರೀಲಿ ಬ್ರೇಕ್ ಅನ್ಕೊಂಡು ಆಕ್ಸಿಲರೇಟರ್ ತುಳಿದ್ಬಿಟ್ಟಳು. ಗಾಡಿ ನುಗ್ಗಿಬಿಡ್ತು. ನಾನು ಒತ್ತದೇ ಇದ್ದಿದ್ರೆ ಗೋಡೆಗೇ ಹೋಗ್ತಿತ್ತು."

ತಂಗಿ ಬೆಚ್ಚಿ ನೋಡಿದಳು. "ಅಣ್ಣ, ನಾನು ಬ್ರೇಕ್..."

"ಸುಮ್ನಿರೇ. ನೋಡಿ ಸಾರ್." ಮೇಷ್ಟ್ರು ರಸ್ತೆಯ ಮೇಲೆ ಎಳೆದ ಟೈರಿನ ಕಪ್ಪು ಗೆರೆ ತೋರಿಸಿದರು. ಅದು ಅವಳು ಬ್ರೇಕು ತುಳಿದ ಗುರುತು. ಆ ರಸ್ತೆಯಲ್ಲಿ ಅವಳ ಪರವಾಗಿದ್ದ ಒಂದೇ ಒಂದು ಸಾಕ್ಷಿ. "ಇದು ನನ್ನ ಬ್ರೇಕಿಂದು."

ಸಾಹೇಬರು ಗೆರೆಯನ್ನು ಹೆಜ್ಜೆ ಹಾಕಿ ಅಳೆದರು. ಪಕ್ಕದ ಸೀಟಿನಲ್ಲಿ ಕೂತು, ಮೇಷ್ಟ್ರ ಕೈಲಿ ಕಾರು ಓಡಿಸಿ, ಎರಡನೇ ಬ್ರೇಕು ಒತ್ತಿದರು. ಕಾರು ಕಚ್ಚಿಕೊಂಡು ನಿಂತಿತು. ಬ್ರೇಕಿನಲ್ಲಿ ದೋಷವಿಲ್ಲ, ಮೇಷ್ಟ್ರಲ್ಲಿ ದೋಷವಿಲ್ಲ. ಇನ್ನು ಉಳಿದವಳು ಒಬ್ಬಳೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದು ಹೊಸ ವೈದ್ಯವೇನಲ್ಲ.

ಅವಳ ಕಲಿಕಾ ಪರವಾನಗಿಯ ಕಾಗದದ ಹಿಂದೆ ಸಾಹೇಬರು ಮುತ್ತಿನಂಥ ಅಕ್ಷರದಲ್ಲಿ ಬರೆದರು: ಪೆಡಲುಗಳ ನಡುವೆ ಗೊಂದಲ, ಅಪಾಯಕಾರಿ, ಒಂದು ವರ್ಷ ಪರೀಕ್ಷೆಗೆ ಅವಕಾಶವಿಲ್ಲ. ಸಹಿ ಹಾಕಿ, "ನಿಮ್ಮ ಮೇಲೆ ನಂಗೆ ಸಿಟ್ಟಿಲ್ಲಮ್ಮ. ನಾಳೆ ಒಂದು ಮಗು ಅಡ್ಡ ಬರತ್ತೆ, ಅದಕ್ಕೆ" ಎಂದರು.

"ಸರಿ ಸಾರ್" ಎಂದಳು ತಂಗಿ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವೆಂದು ಅತ್ತಾಳೆಂದು ಮೇಷ್ಟ್ರು ಹೆದರಿದ್ದರು. ಅವಳು ಅಳಲಿಲ್ಲ. ಸಾಹೇಬರ ಮನೆಯ ಹಿತ್ತಿಲಲ್ಲಿ ಗುಂಡಿ ತೋಡಲು ತಾನೇ ಗುದ್ದಲಿ ಹಿಡಿದಳು, ಸಾಹೇಬರು ಬೇಡವೆನ್ನಲಿಲ್ಲ. ಅವರ ಹೆಂಡತಿ ಕಿಟಕಿಯಿಂದ, "ಇನ್ನೂ ಆಳಕ್ಕೆ ತೋಡು, ಬೇರೆ ನಾಯಿಗಳು ಕೆದಕ್ತವೆ" ಎಂದು ಎರಡು ಸಲ ಹೇಳಿದಳು. ಮೇಷ್ಟ್ರು ನೆರಳಲ್ಲಿ ನಿಂತು ತಲೆ ತಗ್ಗಿಸಿದ್ದರು. ನೋಡಿದವರಿಗೆ ದುಃಖವೆನಿಸುವಂತಿತ್ತು.

ವಾಪಸು ಬರುವಾಗ ತಂಗಿ ಹಿಂದಿನ ಸೀಟಿನಲ್ಲಿ ಕೂತಳು. ಉಗುರಿನ ಸಂದಿಯ ಮಣ್ಣು ತೆಗೆಯುತ್ತ ಕೇಳಿದಳು:

"ನಿಜವಾಗ್ಲೂ ಆಕ್ಸಿಲರೇಟರಾ ಅಣ್ಣ? ನನ್ನ ಕಾಲು ಬ್ರೇಕ್ ಮೇಲೇ ಇತ್ತು ಅನ್ನಿಸ್ತು. ಇಸ್ತ್ರಿ ಯಂತ್ರದ ಪೆಡಲೂ ಹೀಗೇ, ಒಂದು ಇಳಿಸೋಕೆ ಒಂದು ಎತ್ತೋಕೆ. ಹನ್ನೊಂದು ವರ್ಷದಲ್ಲಿ ಒಂದ್ಸಲನೂ ತಪ್ಪಿಲ್ಲ."

ಅವರಿಬ್ಬರೇ ಇದ್ದರು, ಕಾಗದದ ಮೇಲೆ ಸಹಿ ಬಿದ್ದಾಗಿತ್ತು. ಈಗ ಸತ್ಯ ಹೇಳಿದರೂ ಅವಳು ಯಾರಿಗೂ ಹೇಳುವವಳಲ್ಲ. ಆದರೂ ಮೇಷ್ಟ್ರು ಇಪ್ಪತ್ತಾರು ವರ್ಷದ ಅನುಭವವನ್ನೆಲ್ಲ ಗಂಟಲಿಗೆ ತಂದುಕೊಂಡು ಹೇಳಿದರು: "ಎಲ್ಲಾರ್ಗೂ ಹಾಗೇ ಅನ್ನಿಸತ್ತೆ ಕಣೇ. ಆಕ್ಸಿಲರೇಟರ್ ತುಳಿದವನು ದೇವರ ಆಣೆ ಮಾಡಿ ಬ್ರೇಕ್ ತುಳಿದೆ ಅಂತಾನೆ. ಕಾಲು ಸುಳ್ಳು ಹೇಳತ್ತೆ, ಮನಸ್ಸಿಗೆ ಗೊತ್ತಾಗಲ್ಲ."

ಅವಳು ಬಹಳ ಹೊತ್ತು ತನ್ನ ಪಾದಗಳನ್ನೇ ನೋಡುತ್ತ ಕೂತಿದ್ದಳು. ಮನೆಯ ಮುಂದೆ ಇಳಿಯುವಾಗ ಕಿಟಕಿಗೆ ಬಗ್ಗಿ, "ಅಷ್ಟು ಜೋರಾಗಿ ಒತ್ತಿದೀಯ, ಆಣಿ ಬೇರೆ ಇದೆ, ಕಾಲು ನೋವಾಗಿರಬೇಕು. ಬಿಸಿನೀರಲ್ಲಿ ಇಡು ಅಣ್ಣ" ಎಂದಳು. ಮೇಷ್ಟ್ರು ಹೂಂ ಎಂದರು.

ಆ ದಿನ ಅವರಿಗೆ ಅನ್ನ ಸೇರಲಿಲ್ಲ ಎಂದು ಬರೆದರೆ ಓದುವವರಿಗೆ ಹಿತ. ಆದರೆ ಸೇರಿತು. ಎರಡು ಸಲ ಬಡಿಸಿಕೊಂಡು ಉಂಡು, ಮಧ್ಯಾಹ್ನ ಗೊರಕೆ ಹೊಡೆದು ನಿದ್ದೆ ಮಾಡಿದರು.

ವ್ಯಾನಿನ ಕೆಲಸ, ಲೈಸೆನ್ಸ್ ತರಬೇಕೆಂಬ ಅದೇ ಷರತ್ತಿನ ಮೇಲೆ, ಲಾಂಡ್ರಿಯಲ್ಲೇ ಸೋಪಿನ ನೀರು ಕಲಸುವ ಗಂಡಸಿನ ಪಾಲಾಯಿತು. ಅವನು ಕಾರು ಕಲಿಯಲು ಮೇಷ್ಟ್ರ ಹತ್ತಿರವೇ ಬಂದ. "ನಿಮ್ಮ ತಂಗೀನೇ ಕಳಿಸಿದ್ದು. ಕಲಿತ್ರೆ ನಮ್ಮಣ್ಣನ ಹತ್ರ ಕಲಿ, ಜೀವ ಉಳಿಸ್ತಾನೆ ಅಂದ್ರು." ಮೇಷ್ಟ್ರು ಅವನಿಗೆ ಕಲಿಸಿದರು, ಕಾಲನ್ನು ಬ್ರೇಕಿನ ಮೇಲಿಂದ ಒಂದು ಅಂಗುಲವೂ ಎತ್ತದೆ ಕಲಿಸಿದರು. ಮೂರನೇ ವಾರ ಅವನೇ ಹೇಳಿದ: "ಪಾಪ, ನಿಮ್ಮ ತಂಗಿ ಕೈ ಹಾಗಾಗಬಾರ್ದಿತ್ತು."

ಮೇಷ್ಟ್ರಿಗೆ ಗೊತ್ತೇ ಇರಲಿಲ್ಲ. ಅಂದೇ ಲಾಂಡ್ರಿಗೆ ಹೋದರು. ಇಸ್ತ್ರಿ ಯಂತ್ರದ ಮುಂದೆ ಬೇರೆ ಯಾರೋ ನಿಂತಿದ್ದರು. ತಂಗಿ ಹಿಂದಿನ ಕೋಣೆಯಲ್ಲಿ, ರಕ್ತ ಕೀವು ಮೆತ್ತಿದ ಚಾದರಗಳನ್ನು ಬೇರ್ಪಡಿಸುವ ಕಡೆ, ಒಂದೇ ಕೈಯಲ್ಲಿ ಕೆಲಸ ಮಾಡುತ್ತಿದ್ದಳು. ಇನ್ನೊಂದು ಕೈಗೆ ಮೊಣಕೈವರೆಗೆ ಬ್ಯಾಂಡೇಜು. ಆ ಕೋಣೆಗೆ ಯಾರೂ ಇಷ್ಟಪಟ್ಟು ಬರುವುದಿಲ್ಲ. ಮೇಷ್ಟ್ರು ಮೂಗಿಗೆ ಕರ್ಚೀಫ್ ಹಿಡಿದರು.

"ಏನಾಯ್ತೇ?"

"ಏನಿಲ್ಲ ಅಣ್ಣ. ಆವತ್ತಿಂದ ಪೆಡಲ್ ತುಳಿಯೋಕೆ ಮುಂಚೆ ಬಗ್ಗಿ ನೋಡ್ಕೋತಿದ್ದೆ, ಸರಿಯಾದ್ದನ್ನೇ ತುಳೀತಿದೀನಾ ಅಂತ. ಒಂದಿನ ಎತ್ತೋ ಪೆಡಲ್ ಮೇಲೆ ಕಾಲಿತ್ತು, ಇದೇ ತಪ್ಪಿರಬೇಕು ಅನ್ಕೊಂಡು ಬದಲಾಯಿಸಿದೆ. ಕೈ ಒಳಗಿತ್ತು." ಅವಳು ನಕ್ಕಳು. "ಮೇಲ್ವಿಚಾರಕಿ ಬೈದು ಇಲ್ಲಿಗೆ ಹಾಕಿದ್ರು. ಒಳ್ಳೇದೇ ಆಯ್ತು ಬಿಡು, ಇಲ್ಲಿ ಕಾಲಿಗೆ ಕೆಲಸ ಇಲ್ಲ."

ಮೇಷ್ಟ್ರು ಬಾಯಿ ತೆರೆದರು. ತಂಗಿ ಎಷ್ಟು ನಂಬಿಕೆಯಿಂದ ಅವರ ಬಾಯನ್ನೇ ನೋಡುತ್ತಿದ್ದಳೆಂದರೆ, ಹೇಳಬೇಕೆಂದದ್ದು ಅಲ್ಲೇ ಉಳಿಯಿತು.

"ಇನ್ನೂ ಹುಷಾರಾಗಿರ್ಬೇಕಿತ್ತು ನೀನು" ಎಂದರು.

"ಹೂಂ ಅಣ್ಣ" ಎಂದು ಅವಳು ಮುಂದಿನ ಚಾದರ ಎಳೆದುಕೊಂಡಳು. ಹೊರಗೆ ಹೊಸಬ ಕಾರಿನಲ್ಲಿ ಕಾಯುತ್ತಿದ್ದ. ಅವನ ಪರೀಕ್ಷೆ ಮರುದಿನ ಇತ್ತು. ಮೇಷ್ಟ್ರು ಹೋಗಿ ಪಕ್ಕದ ಸೀಟಿನಲ್ಲಿ ಕೂತು, "ಹೊರಡು" ಎಂದರು.