ಎಡಗೈ ನೋವು

ಲಿಂಗಪೂಜೆಗೆ ಕೂತರೆ ತಿಪ್ಪೇರುದ್ರಪ್ಪನನ್ನು ಭೂಮಿ ನಡುಗಿದರೂ ಎಬ್ಬಿಸಲಾಗದು ಎಂದು ಕಲ್ಯಾಣದುರ್ಗದ ಪೇಟೆಯಲ್ಲೆಲ್ಲ ಹೆಸರಿತ್ತು. ಎಡ ಅಂಗೈಯಲ್ಲಿ ಇಷ್ಟಲಿಂಗ, ಅರೆಮುಚ್ಚಿದ ಕಣ್ಣು, ಬಾಯಿಗೆ ಬೀಗ. ಕಿರಾಣಿ ಅಂಗಡಿಯಲ್ಲಿ ಬೆಳಗಿಂದ ಸಂಜೆವರೆಗೆ ಗಂಟಲು ಹರಿದುಕೊಳ್ಳುವ ಮನುಷ್ಯ ಇವನೇನಾ ಅನ್ನಬೇಕು, ಹಾಗೆ. ಶ್ರಾವಣ ಬಂದರಂತೂ ಕೇಳುವುದೇ ಬೇಡ. ಹೆಂಡತಿ ಭ್ರಮರಾಂಬ ಅವನ ಕಾಫಿಯನ್ನು ಎರಡು ಸಲ ಬಿಸಿ ಮಾಡಿ, ಮೂರನೇ ಸಲ ತಾನೇ ಕುಡಿದುಬಿಡುತ್ತಿದ್ದಳು.

ಈ ಶ್ರಾವಣದಲ್ಲಿ ಒಂದು ಬೆಳಿಗ್ಗೆ ಪೂಜೆ ಮುಗಿಸಿ ಎದ್ದವನು ಎಡಗೈ ನೀವಿಕೊಳ್ಳತೊಡಗಿದ. ಭುಜದಿಂದ ಕಿರುಬೆರಳಿನವರೆಗೂ ಎಳೆಯುತ್ತಿದೆ ಅಂದ.

“ಅಷ್ಟೊತ್ತು ಲಿಂಗ ಹಿಡ್ಕಂಡ್ ಕೂತ್ರೆ ಕೈ ಸೋಲ್ದೆ ಇನ್ನೇನಾಯ್ತದೆ?” ಅಂದವಳೇ ಭ್ರಮರಾಂಬ ಹರಳೆಣ್ಣೆ ಬಿಸಿ ಮಾಡಿ ತಂದಳು.

ತಿಕ್ಕಿದಳು. ಸಂಜೆ ಮತ್ತೆ ತಿಕ್ಕಿದಳು. ನಿಜ ಹೇಳಬೇಕೆಂದರೆ ಅವಳಿಗೆ ಒಳಗೊಳಗೇ ಹೆಮ್ಮೆಯೂ ಇತ್ತು. ಕೈ ನೋಯುವಷ್ಟು ಪೂಜೆ ಮಾಡುವವರು ಈಗಿನ ಕಾಲದಲ್ಲಿ ಎಷ್ಟು ಮಂದಿ ಇದ್ದಾರೆ? ರಾತ್ರಿ ಅವನಿಗೆ ಊಟ ಸೇರಲಿಲ್ಲ. ಮರುದಿನ ಹಟ ಹಿಡಿದು ಮತ್ತೆ ಪೂಜೆಗೆ ಕೂತ. ಹಣೆಯ ವಿಭೂತಿ ಬೆವರಿಗೆ ಕರಗಿ ಮೂಗಿನ ಮೇಲೆ ಇಳಿಯಿತು. ಭ್ರಮರಾಂಬ ಬಾಗಿಲಲ್ಲಿ ನಿಂತು ಅದನ್ನು ನೋಡಿದಳು, ನೋಡಿ ಭಕ್ತಿ ಎಂದುಕೊಂಡಳು.

ಹಿಂದೂಪುರದಿಂದ ಮಗಳು ಚಂದ್ರಕಲಾ ಫೋನ್ ಮಾಡಿದಳು.

“ನಮ್ಮೂರ್ ಪಕ್ಕದ್ ಪರಿಗಿ ಕೇಶವಯ್ಯನತ್ರ ಕರ್ಕಂಡ್ ಬಾಮ್ಮ. ನರ ಒಂದ್ಸಲ ಎಳುದ್ರೆ ಸಾಕು, ಕೈ ಎತ್ತಕ್ಕಾಗ್ದಿರೋರೂ ಸರಿಹೋಗವ್ರೆ. ನಮ್ಮನೇರು ಹೆಂಗೂ ಅಲ್ಲಿಗ್ ಬಂದವ್ರಲ್ಲ, ಕಾರಲ್ಲೇ ಬಂದ್ಬುಡಿ.”

ಅಳಿಯ ಹಾಲೇಶ್ ಯಾವುದೋ ವ್ಯಾಪಾರಕ್ಕೆಂದು ಬಂದಿದ್ದ. ಮೂವರೂ ಹೊರಟರು. ಊರಿನ ದೊಡ್ಡಾಸ್ಪತ್ರೆಯ ಮುಂದೆ ಕಾರು ಹಾಯುವಾಗ ಭ್ರಮರಾಂಬಳಿಗೆ ಏನನ್ನಿಸಿತೋ, “ಇಲ್ಲೇ ಒಂದ್ಸಲ ತೋರ್ಸಿ ಹೋಗಾನೇನ್ರೀ?” ಅಂದಳು.

“ಕೈ ನೋವಿಗೆ ಎಮರ್ಜೆನ್ಸಿಗೆ ಹೋಯ್ತಾರೇನೇ? ಅಲ್ಲೇನೈತೆ, ಗ್ಲೂಕೋಸ್ ಬಾಟ್ಲಿ ಬುಟ್ರೆ!” ಎಂದು ತಿಪ್ಪೇರುದ್ರಪ್ಪ ನಕ್ಕ. ಅವಳೂ ನಕ್ಕಳು. ಹಾಲೇಶ್ ಕಾರು ನಿಲ್ಲಿಸಲಿಲ್ಲ.

ಪೆನುಕೊಂಡ ದಾಟಿದ ಮೇಲೆ ತಿಪ್ಪೇರುದ್ರಪ್ಪ ಮಾತು ನಿಲ್ಲಿಸಿದ. ಬೆವರಿಗೆ ಅಂಗಿಯೆಲ್ಲ ತೊಪ್ಪೆಯಾಗಿತ್ತು. ಕಾರೊಳಗೇ ವಾಂತಿ ಮಾಡಿಕೊಂಡು, “ಎದೆ ಮೇಲೆ ಯಾರೋ ಕುಂತಂಗೈತೆ ಕಣೇ,” ಅಂದ. “ಏಂ ಕಾದು ಅತ್ತೆ, ಏಂ ಕಾದು,” ಏನೂ ಆಗಲ್ಲ ಎಂದು ತೆಲುಗಿನಲ್ಲಿ ಹೇಳುತ್ತಲೇ ಹಾಲೇಶ್ ಪರಿಗಿಯ ಮಾತು ಬಿಟ್ಟು ಕಾರನ್ನು ಸೀದಾ ಹಿಂದೂಪುರದ ಆಸ್ಪತ್ರೆಗೆ ಓಡಿಸಿದ.

ಅಲ್ಲಿ ತಡವೇನೂ ಆಗಲಿಲ್ಲ. ಅಷ್ಟು ಮಟ್ಟಿಗೆ ಯಾರನ್ನೂ ದೂರುವ ಹಾಗಿಲ್ಲ. ಸ್ಟ್ರೆಚರ್ ಬಂತು, ಮೂಗಿಗೆ ಆಕ್ಸಿಜನ್ ಬಂತು. ಎದೆಗೆ ವೈರು ಅಂಟಿಸಲು ಲಿಂಗದ ಕರಡಿಗೆ ಅಡ್ಡವಾದಾಗ ನರ್ಸಮ್ಮ ಅದನ್ನು ಮೆಲ್ಲಗೆ ಭುಜದ ಕಡೆ ಸರಿಸಿದಳು. ಡ್ಯೂಟಿಯಲ್ಲಿದ್ದ ಡಾಕ್ಟರ್ ಕೀರ್ತನಾ ಊರಿನ ನೇಕಾರರ ಮನೆಯ ಹುಡುಗಿ, ಕನ್ನಡ ಬಲ್ಲವಳು. ಇಸಿಜಿ ಕಾಗದ ನೋಡಿ ಭ್ರಮರಾಂಬಳ ಕಡೆ ತಿರುಗಿದಳು.

“ನೋವು ಯಾವಾಗ್ಲಿಂದಮ್ಮ?”

“ಈಗ್ಲೇ ತಾಯಿ. ಕಲ್ಯಾಣದುರ್ಗದಿಂದ ಬರ್ತಾ, ಪೆನುಕೊಂಡ ದಾಟಿದ್ಮೇಲೆ.”

“ಅದಕ್ಕೂ ಮುಂಚೆ? ಬೆನ್ನು, ದವಡೆ, ಕೈ, ಎಲ್ಲೂ ಇರ್ಲಿಲ್ವಾ?”

“ಕೈ ನೋಯ್ತಿತ್ತು, ನೆನ್ನೆ ಬೆಳಿಗ್ಗೆಯಿಂದ. ಅದು ಪೂಜೇದು, ತಾಯಿ.”

“ಅದು ಕೈದಲ್ಲಮ್ಮ. ಹೃದಯದ್ದು.”

ಡಾಕ್ಟರಮ್ಮ ಬೇಗ ಬೇಗ ಹೇಳಿದಳು. ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ಇಲ್ಲಿದೆ, ಆದರೆ ಇಷ್ಟು ತಡವಾದ ಮೇಲೆ ಅದರಿಂದ ಹೆಚ್ಚೇನೂ ಆಗುವುದಿಲ್ಲ. ವೈರು ತೂರಿಸಿ ರಕ್ತನಾಳ ಬಿಡಿಸುವುದು ಇಲ್ಲಿಲ್ಲ, ಅದಕ್ಕೆ ಬೆಂಗಳೂರಿಗೇ ಹೋಗಬೇಕು. ಆಂಬುಲೆನ್ಸಿಗೆ ಹೇಳಿಯಾಗಿದೆ.

“ಕಲ್ಯಾಣದುರ್ಗದಲ್ಲೇ ಯಾಕ್ ತೋರಿಸ್ಲಿಲ್ಲಮ್ಮ? ಈ ಇಸಿಜಿ, ಈ ಇಂಜೆಕ್ಷನ್, ಎರಡೂ ಅಲ್ಲೇ ಐತಲ್ಲ. ನೆನ್ನೆನೇ ಹೋಗಿದ್ರೆ...”

ಮಾತು ಅರ್ಧಕ್ಕೇ ನಿಂತಿತು. ಮಂಚದ ಪಕ್ಕದ ಮಿಷನ್ನು ಕೂಗಿಕೊಳ್ಳತೊಡಗಿತ್ತು. ಒಬ್ಬರಾದ ಮೇಲೊಬ್ಬರು ತಿಪ್ಪೇರುದ್ರಪ್ಪನ ಎದೆ ಒತ್ತಿದರು, ಶಾಕ್ ಕೊಟ್ಟರು, ಮತ್ತೆ ಒತ್ತಿದರು. ಭ್ರಮರಾಂಬ ಪರದೆ ಹಿಡಿದು ನಿಂತೇ ಇದ್ದಳು. ಆಂಬುಲೆನ್ಸ್ ಬಾಗಿಲಿಗೆ ಬರುವ ಹೊತ್ತಿಗೆ ಅದರ ಕೆಲಸ ಮುಗಿದುಹೋಗಿತ್ತು.

ಹಾಲೇಶ್ ಹೆಂಡತಿಗೆ ಫೋನ್ ಮಾಡಲು ಹೊರಗೆ ಹೋದ. ಕೈ ತೊಳೆಯುತ್ತಿದ್ದ ಡಾಕ್ಟರಮ್ಮನ ಹಿಂದೆ ಹೋಗಿ ನಿಂತ ಭ್ರಮರಾಂಬ, ಅವಳ ಕೋಟಿನ ತುದಿ ಹಿಡಿದುಕೊಂಡಳು.

“ನೆನ್ನೆ ಬಂದಿದ್ರೂ ಉಳೀತಿರ್ಲಿಲ್ಲ ಅಲ್ವಾ ತಾಯಿ? ಉಳೀತಿರ್ಲಿಲ್ಲ ಅಂತ ಒಂದ್ಮಾತ್ ಹೇಳು. ಸುಳ್ಳಾದ್ರೂ ಹೇಳು. ಕೈ ತಿಕ್ಕಿದೋಳು ನಾನು.”

ಕೀರ್ತನಾ ಅವಳ ಮುಖ ನೋಡಿದಳು. ಸುಳ್ಳು ಹೇಳಲು ಬಾರದ ಹುಡುಗಿ. ಭ್ರಮರಾಂಬಳ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ತಲೆ ತಗ್ಗಿಸಿಬಿಟ್ಟಳು. ಭ್ರಮರಾಂಬಳಿಗೆ ಉತ್ತರ ಸಿಕ್ಕಿತು.

ಅಷ್ಟರಲ್ಲಿ ಚಂದ್ರಕಲಾ ಓಡಿಬಂದಳು, ಕಾಲಲ್ಲಿ ಚಪ್ಪಲಿಯೂ ಇರಲಿಲ್ಲ. ಅಪ್ಪನ ಮುಖ ನೋಡಿ ಅಮ್ಮನ ಮೇಲೆ ಬಿದ್ದಳು.

“ನಾನೇ ಅಲ್ವೇನಮ್ಮ ಇಷ್ಟ್ ದೂರ ಬಾ ಅಂದಿದ್ದು? ಅಲ್ಲೇ ತೋರ್ಸಿದ್ರೆ ಅಪ್ಪ ಉಳ್ಕಂತಿದ್ನೇನಮ್ಮ?”

ಡಾಕ್ಟರಮ್ಮ ಅಲ್ಲೇ ನಿಂತಿದ್ದಳು. ಭ್ರಮರಾಂಬ ಅವಳ ಕಡೆ ನೋಡಲಿಲ್ಲ. ಮಗಳ ತಲೆಯನ್ನು ಎದೆಗೆ ಒತ್ತಿಕೊಂಡಳು.

“ಇಲ್ಲ ಕಣವ್ವ. ನೆನ್ನೆ ತೋರ್ಸಿದ್ರೂ ಉಳೀತಿರ್ಲಿಲ್ವಂತೆ. ಡಾಕ್ಟ್ರಮ್ಮನೇ ಹೇಳಿದ್ರು.”

ಚಂದ್ರಕಲಾ ಅದನ್ನು ನಂಬಿ, ಮನಸಾರೆ ಅಳತೊಡಗಿದಳು. ಭ್ರಮರಾಂಬಳಿಗೆ ಆ ಮಾತು ಹೇಳುವವರು ಇನ್ನು ಯಾರೂ ಇರಲಿಲ್ಲ.