ಗೊಬ್ಬರದಂಗಡಿಯ ಕೊಲೆಗಾರ

ಕೊಳ್ಳೇಗಾಲದ ಕನ್ನಡಕದ ಅಂಗಡಿಯೊಂದರಲ್ಲಿ ಕೋಮಲ ಕಣ್ಣು ಪರೀಕ್ಷೆ ಮಾಡುತ್ತಿದ್ದಳು. ಭಾನುವಾರ ಬಂತೆಂದರೆ ಅವಳಿಗೆ ಬೇರೆ ಕೆಲಸ. ಪ್ರಕಾಶಕರು ಸಿಗದೆ ಲೇಖಕರೇ ಅಚ್ಚು ಹಾಕಿಸಿಕೊಂಡ ಕಾದಂಬರಿಗಳನ್ನು ಓದಿ ಯೂಟ್ಯೂಬಿನಲ್ಲಿ ವಿಮರ್ಶೆ ಹೇಳುವುದು. ಮಾಟಗಾರರ ರಾಜ್ಯವೋ, ಬೇರೆ ಗ್ರಹದ ಪಯಣವೋ, ಊರೊಳಗಿನ ಕೊಲೆಯೋ, ಯಾವುದಾದರೂ ಸರಿ. ಚೆನ್ನಾಗಿಲ್ಲದಿದ್ದರೆ ಮುಲಾಜಿಲ್ಲದೆ ಹೇಳಿಬಿಡುವಳು. ಆದರೆ ಕೊನೆಗೇನಾಯಿತು ಎಂಬುದನ್ನು ಮಾತ್ರ ಯಾರಿಗೂ ಬಿಟ್ಟುಕೊಟ್ಟವಳಲ್ಲ.

ಯಳಂದೂರಿನ ಟ್ಯೂಷನ್ ಮೇಷ್ಟ್ರು ಗುರುಪ್ರಕಾಶ್ ಬರೆದ ಕೊಲೆಯ ಕಾದಂಬರಿ ಅವಳ ಕೈಗೆ ಬಂತು. ಹನೂರಿನಲ್ಲಿ ನಡೆಯುವ ಕಥೆ. ಭಾಷೆ ಸೊರಗಿದೆ, ಪೊಲೀಸರು ಬಾಯಿ ಬಿಟ್ಟರೆ ಭಾಷಣ ಎಂದೆಲ್ಲ ಟೀಕಿಸಿ, "ಆ ಕುಂಟುವ ಗೊಬ್ಬರದಂಗಡಿಯವನ ಪಾತ್ರ ಮಾತ್ರ ಜೀವಂತ. ಅವನು ಬಂದಾಗಲೆಲ್ಲ ನನಗೆ ಭಯವಾಯಿತು" ಎಂದು ಮೆಚ್ಚಿಕೊಂಡಳು.

ಹನೂರಿನಲ್ಲಿ ಕುಂಟುವ ಗೊಬ್ಬರದಂಗಡಿಯವನು ನಿಜಕ್ಕೂ ಒಬ್ಬನಿದ್ದ. ವಿಡಿಯೊ ವಾಟ್ಸ್ಯಾಪಿನಲ್ಲಿ ಊರೆಲ್ಲ ಹರಿದಾಡಿತು.

ಒಂದು ಮಧ್ಯಾಹ್ನ ಆತನೇ ಕೋಮಲಳ ಎದುರು ಬಂದು ಕೂತ. ಅರವತ್ತರ ಆಸುಪಾಸು, ಹಣೆಯಲ್ಲಿ ವಿಭೂತಿ.

"ನಾ ಪ್ರಭುಸ್ವಾಮಿ ಕಣವ್ವ, ಗೊಬ್ಬರದಂಗಡಿ. ಯೂರಿಯಾ ತಕಳಾಕೆ ಬಂದೋರೆಲ್ಲ, ಯಾರ್ನ ಮುಗಿಸ್ಬುಟ್ಟೆ ಅಂತ ಕೇಳ್ತರೆ. ನಗೋರು ನಗ್ಲಿ. ನಮ್ಮನೆಯೋಳು ಮೂರೊತ್ತೂ ಕಣ್ಣೀರು ಆಕ್ತಾಳೆ. ಒಂದೇ ಮಾತ್ ಏಳು, ನಾ ಕೊಂದಿವ್ನಾ, ಇಲ್ವಾ?"

"ಅದು ನೀವಲ್ಲ, ಯಜಮಾನ್ರೆ. ಬರೀ ಕಥೆ."

"ಸರಿ, ಆ ಕಥೇಲಿರೋನು ಕೊಂದವ್ನಾ?"

ಉತ್ತರ ಹೇಳಿ ಕೋಮಲ ಆತನನ್ನು ಕಳಿಸಿಬಿಡಬಹುದಿತ್ತು. ಕೊನೆಯನ್ನು ಬಿಟ್ಟುಕೊಡಲು ಮನಸ್ಸು ಒಪ್ಪಲಿಲ್ಲ. "ಓದಿ ನೋಡಿ" ಎಂದಳು.

"ಅಕ್ಷರ ಕಾಣಾಕಿಲ್ವಲ್ಲ."

ಅದಕ್ಕೆ ಅವಳಲ್ಲಿ ಮದ್ದಿತ್ತು. ಆತನ ಮೂಗಿನ ಮೇಲೆ ಪರೀಕ್ಷೆಯ ಚೌಕಟ್ಟು ಕೂರಿಸಿ, ಗಾಜು ಬದಲಿಸಿ ಬದಲಿಸಿ, ತನ್ನದೇ ಪ್ರತಿಯನ್ನು ತೆರೆದು ಹಿಡಿದಳು. ಪ್ರಭುಸ್ವಾಮಿ ಅಕ್ಷರ ಕೂಡಿಸಿಕೊಂಡು ಗಟ್ಟಿಯಾಗಿ ಓದತೊಡಗಿದ. "ಎಡಗಾಲನ್ನು ಎಳೆಯುತ್ತಾ..." ಎಂದವನು ತಲೆಯೆತ್ತಿ, "ನಂದು ಬಲಗಾಲು!" ಎಂದ. ಕನ್ನಡಕದ ಜೊತೆಗೆ ಪುಸ್ತಕವನ್ನೂ ತೆಗೆದುಕೊಂಡು ಹೋದ.

ಕೆಲವು ದಿನಗಳ ನಂತರ ಪ್ರಭುಸ್ವಾಮಿಯ ಫೋನ್ ಬಂತು.

"ಸತ್ತೋದ್ನಲ್ಲವ್ವ!"

ಕಥೆ ಇದ್ದದ್ದೇ ಹಾಗೆ. ಗೊಬ್ಬರದಂಗಡಿಯವನು ಕೊಂದಿರಲಿಲ್ಲ. ಕೊಲೆಯನ್ನು ಕಣ್ಣಾರೆ ಕಂಡ ಹೆಂಗಸೊಬ್ಬಳನ್ನು ತನ್ನ ಗೋಡೌನಿನಲ್ಲಿ ಬಚ್ಚಿಟ್ಟು, ಅದಕ್ಕಾಗಿಯೇ ಗುಂಡೇಟಿಗೆ ಪ್ರಾಣ ಕೊಟ್ಟಿದ್ದ. ಓದುವಾಗ ಕೋಮಲ ಅದನ್ನು ಲೇಖಕನ ಜಾಣ್ಮೆ ಎಂದುಕೊಂಡಿದ್ದಳು.

"ಬೇಜಾರಾಯ್ತಾ?"

"ಬೇಜಾರಲ್ಲ ಕಣವ್ವ. ಅವನ ಹೆಣ ಮನೆ ಮುಂದಕ್ಕೆ ತರೋ ಕಡೆ ಎಲ್ರಿಗೂ ತಮ್ ತಪ್ಪು ಗೊತ್ತಾಯ್ತದೆ ನೋಡು, ಅಲ್ಲಿ ಅತ್ಬುಟ್ಟೆ. ಆ ಮೇಷ್ಟ್ರನ್ನ ಒಂದ್ಸಲ ನೋಡ್ಬೇಕು. ಕರ್ಕಂಡ್ ಬಾ."

ಗುರುಪ್ರಕಾಶ್ ಹೆದರಿಕೊಂಡೇ ಬಂದ. ಚಿಕ್ಕಂದಿನಲ್ಲಿ ಮಾವನ ಜೊತೆ ಆ ಅಂಗಡಿಗೆ ಹೋಗಿದ್ದು ನಿಜ, ನಡಿಗೆಯಷ್ಟೇ ಅಲ್ಲಿಂದ ತಂದದ್ದು ಎಂದು ಬಸ್ಸಿನಲ್ಲೇ ಕೋಮಲಳ ಬಳಿ ಒಪ್ಪಿಕೊಂಡ. ಹನೂರಿನಲ್ಲಿ ಪ್ರಭುಸ್ವಾಮಿ ಅವನ ಕೈ ಹಿಡಿದುಕೊಂಡು ಕೂರಿಸಿದ, ಬಯ್ಯಲಿಲ್ಲ. ಬಯ್ದವರು ಹೆಂಡತಿ ಶಿವರತ್ನಮ್ಮ. ಗಂಡ ಕೊಂದಿಲ್ಲ, ಪಾಪ ಸತ್ತೋದರು ಎಂದು ಬೀದಿಗೆಲ್ಲ ಸಾರಿ, ಅಪಶಕುನ ಕಳೆಯಲೆಂದು ಬೆಟ್ಟದ ಮಾದಪ್ಪನಿಗೆ ಪೂಜೆಯನ್ನೂ ಮಾಡಿಸಿಕೊಂಡು ಬಂದಿದ್ದರು.

"ಮುತ್ತೈದೆ ಮನೆ ಅನ್ನೋದ್ ಬ್ಯಾಡ್ವಾ ನಿಂಗೆ? ಮುಂದಿನ್ ಪುಸ್ತಕ್ದಲ್ಲಿ ಬದುಕ್ಸು ಅವರ್ನ."

"ಸತ್ತವರನ್ನ ಹೇಗಮ್ಮ..."

"ಕತೆ ತಾನೆ? ಬದುಕ್ಸು."

ಗುರುಪ್ರಕಾಶ್ ಆಗಲಿ ಎಂದು ತಲೆ ಅಲ್ಲಾಡಿಸಿದ. ಆಮೇಲೆಯೇ ಕಾಫಿ ಬಂದದ್ದು.

ವಾಪಸು ಬಸ್ಸಿನಲ್ಲಿ ಅವನು ಆಗಲೇ ಲೆಕ್ಕ ಹಾಕುತ್ತಿದ್ದ. ಗುಂಡು ತಾಗಲಿಲ್ಲ ಅನ್ನಬಹುದು, ಸತ್ತವನು ಅವಳಿ ತಮ್ಮ ಅನ್ನಬಹುದು.

"ಬದುಕಿಸಬೇಡಿ. ಇಡೀ ಪುಸ್ತಕದಲ್ಲಿ ಚೆನ್ನಾಗಿ ಬಂದಿರೋದು ಅವರ ಸಾವೊಂದೇ" ಎಂದಳು ಕೋಮಲ.

"ಇದನ್ನ ಆ ಅಮ್ಮನ ಮುಂದೆ ಹೇಳಬೇಕಿತ್ತು ನೀವು."