ಬಾಯ್ಲರ್‌ಗೆ ಬಿರಡೆ ಜಡಿದ ತಾತ

ಆ ಬೆಳಿಗ್ಗೆ ಬಚ್ಚಲುಮನೆಯ ನಲ್ಲಿ ತಿರುಗಿಸಿದ ಸೊಸೆ ಕಿಟಾರನೆ ಕಿರುಚಿ ಹಿಂದಕ್ಕೆ ಹಾರಿದಳು. ನೀರಿನ ಬದಲು ಬುಸ್ಸೆಂದು ಹಬೆ ನುಗ್ಗಿತ್ತು. ತೋಳಲ್ಲಿ ಸ್ನಾನಕ್ಕೆಂದು ಬಟ್ಟೆ ಬಿಚ್ಚಿದ ಮೂರು ತಿಂಗಳ ಕೂಸು. ಪುಣ್ಯಕ್ಕೆ ಇಬ್ಬರಿಗೂ ಏನೂ ಆಗಲಿಲ್ಲ. ಗೋಡೆಗೆ ತಗುಲಿಹಾಕಿದ್ದ ಬಾಯ್ಲರ್ ಮಾತ್ರ ಗುಡುಗುಡು ಎನ್ನುತ್ತಲೇ ಇತ್ತು.

"ಇಷ್ಟಕ್ಕೆಲ್ಲ ಹೆದರ್ತಾರೇನಮ್ಮಾ? ನೀರು ಚೆನ್ನಾಗಿ ಕಾದಿದೆ, ಅಷ್ಟೆ," ಎಂದರು ತಾತ.

"ಇಲ್ಲ ಮಾವ, ವಾರದಿಂದ ಹೀಗೇ ಸದ್ದು ಮಾಡ್ತಿದೆ. ಬಾಯ್ಲರ್ ಅಕ್ಕನ್ನ ಕರೀತೀನಿ."

ತಾತನಿಗೆ ಮೂಗಿನ ತುದಿಯಲ್ಲೇ ಕೋಪ. "ಮೂವತ್ತು ವರ್ಷ ನೀರಿನ ಇಲಾಖೇಲಿ ಪೈಪ್ ಜೊತೆ ಗುದ್ದಾಡಿದವನು ನಾನು. ನನಗೆ ಅವಳು ಬಂದು ಪಾಠ ಹೇಳ್ಬೇಕಾ?"

ಸೊಸೆ ಆ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಪಕ್ಕದ ಬೀದಿಯ ಬಾಯ್ಲರ್ ಅಕ್ಕ, ಅಂದರೆ ಬಾಯ್ಲರ್ ರಿಪೇರಿಯವಳು, ಹತ್ತೇ ನಿಮಿಷದಲ್ಲಿ ಬಂದಳು. ಬಚ್ಚಲ ಬಾಗಿಲಲ್ಲೇ ನಿಂತು ಕತ್ತೆತ್ತಿ ನೋಡಿದಳು. ಅವಳ ಮುಖ ಬಿಳಿಚಿಕೊಂಡಿತು.

"ಎಲ್ಲರೂ ಆಚೆ ನಡೀರಿ! ಮೊದಲು ಮಗು ಎತ್ಕೊಳ್ಳಿ!"

ಮುಂಬಾಗಿಲ ಪಕ್ಕದ ಮೇನ್ ಸ್ವಿಚ್ ಆರಿಸಿ ಅವಳೂ ಹೊರಗೆ ಓಡಿದಳು. ತಾತ ಚಪ್ಪಲಿಯನ್ನೂ ಮೆಟ್ಟದೆ ಬೀದಿಗೆ ಬಂದರು.

"ಟ್ಯಾಂಕಿನ ಕೆಳಗಿನ ಸಣ್ಣ ಪೈಪಿಗೆ ಹಿತ್ತಾಳೆ ಬಿರಡೆ ಜಡಿದವರು ಯಾರು?"

"ನಾನೇ ಕಣಮ್ಮ. ದಿನವಿಡೀ ತೊಟ್ಟಿಕ್ತಿತ್ತು. ನೀರು ಪೋಲಾಗೋದನ್ನ ನನ್ನ ಕೈಲಿ ನೋಡೋಕಾಗಲ್ಲ."

"ಅಯ್ಯೋ ತಾತ! ಅದು ಸೇಫ್ಟಿ ವಾಲ್ವ್! ಕಾದ ನೀರು ಹಿಗ್ಗುತ್ತೆ. ಒತ್ತಡ ಹೆಚ್ಚಾದ್ರೆ ಅದು ತಾನೇ ತೆರೆದು ನೀರನ್ನ ಹೊರಗೆ ಬಿಡುತ್ತೆ. ನೀವು ಅದರ ಬಾಯೇ ಮುಚ್ಚಿದ್ದೀರಿ. ಶಾಖ ಹೆಚ್ಚಾದ್ರೆ ಕರೆಂಟ್ ಕಡಿಯೋ ಥರ್ಮೋಸ್ಟಾಟೂ ಕೆಟ್ಟಿದೆ ಅನ್ಸುತ್ತೆ. ಇನ್ನು ಸ್ವಲ್ಪ ಹೊತ್ತು ಬಿಟ್ಟಿದ್ರೆ ಟ್ಯಾಂಕ್ ಸಿಡೀತಿತ್ತು. ಬಚ್ಚಲ ಗೋಡೆ ಉಳೀತಿರಲಿಲ್ಲ. ಗೋಡೆ ಆ ಕಡೆ ಏನಿದೆ?"

ಆ ಕಡೆ ಇದ್ದದ್ದು ಮೊಮ್ಮಗಳ ತೊಟ್ಟಿಲು. ಗೋಡೆ ಬೆಚ್ಚಗಿರುತ್ತದೆಂದು ಅದನ್ನು ಅಲ್ಲಿಗೆ ಸರಿಸಿದವರು ತಾತನೇ. ಅವರು ಮೆಟ್ಟಿಲ ಮೇಲೆ ಕೂತುಬಿಟ್ಟರು.

ಟ್ಯಾಂಕ್ ಪೂರ್ತಿ ತಣಿಯುವಷ್ಟರಲ್ಲಿ ಮಧ್ಯಾಹ್ನವಾಯಿತು. ಬಾಯ್ಲರ್ ಅಕ್ಕ ಅದನ್ನು ಬಿಚ್ಚಿದಳು. ಅರ್ಧ ಬಕೆಟ್ ಬಿಳಿ ಚೂರು, ನೀರಿನ ಸುಣ್ಣ ಗಟ್ಟಿಯಾದದ್ದು, ದಡದಡ ಬಿತ್ತು. ಬೆರಳು ದಪ್ಪ ಇರಬೇಕಾದ ಸರಳೊಂದು ತಂತಿಯಷ್ಟಾಗಿತ್ತು.

"ಟ್ಯಾಂಕಿಗೆ ತುಕ್ಕು ಹಿಡೀಬಾರ್ದು ಅಂತ ತಾನು ಸವೆಯೋ ಸರಳು ಇದು. ತೆರೆಸಿ ಎಷ್ಟು ವರ್ಷ ಆಯ್ತು?"

"ತಂದು ಏಳು ವರ್ಷ. ತೆರೆಸೇ ಇಲ್ಲ," ಎಂದಳು ಸೊಸೆ.

"ವರ್ಷಕ್ಕೊಂದು ಸಲ ತೊಳೆಸಿ. ಕಾಯುವಾಗ ವಾಲ್ವ್ ನಾಲ್ಕು ಹನಿ ಬಿಟ್ರೆ ಕೆಳಗೊಂದು ಬಕೆಟ್ ಇಡಿ, ಪಾತ್ರೆ ತೊಳೆಯೋಕಾಗುತ್ತೆ. ಸುರೀತಾನೇ ಇದ್ರೆ ನನಗೆ ಹೇಳಿ."

ಹೊಸ ವಾಲ್ವ್, ಹೊಸ ಥರ್ಮೋಸ್ಟಾಟ್, ಹೊಸ ಸರಳು ಕೂರಿಸಿದ ಮೇಲೆ ಅವಳು ಹಳೆಯ ಬಿರಡೆಯನ್ನು ತಿರುಗಿಸಿ ನೋಡಿದಳು.

"ಇದು ಎಲ್ಲಿ ಸಿಕ್ತು ತಾತ?"

"ನನ್ನ ಹಳೇ ಸಾಮಾನಿನ ಡಬ್ಬೀಲಿ. ಐದಿದ್ವು."

"ಇನ್ನು ನಾಲ್ಕು?"

ಬೆಳಿಗ್ಗೆಯಿಂದ ಮಂಕು ಬಡಿದಂತೆ ಕೂತಿದ್ದ ತಾತ ಬೆಚ್ಚಿ ಎದ್ದು ನಿಂತರು. "ಅಯ್ಯೋ, ಅಮ್ಮಾ... ಈ ಬೀದೀಲೇ ನಾಲ್ಕು ಮನೆಗೆ ನಾನೇ ಹಾಕ್ಕೊಟ್ಟಿದ್ದೀನಿ."

ಮಂಡಿನೋವು ಮರೆತು ತಾತ ಓಡಿದರು. "ಸ್ವಿಚ್ ಆರಿಸ್ರೋ! ಎಲ್ಲಾ ಆಚೆ ಬನ್ರೋ! ತಪ್ಪು ನಂದು!" ಎಂದು ಒಂದೊಂದು ಬಾಗಿಲನ್ನೂ ಬಡಿದರು. ಟ್ಯಾಂಕುಗಳು ತಣಿದ ಮೇಲೆ ಬಾಯ್ಲರ್ ಅಕ್ಕ ನಾಲ್ಕು ಬಿರಡೆಗಳನ್ನೂ ಬಿಚ್ಚಿ ತಾತನ ಅಂಗೈಗೆ ಹಾಕಿದಳು.

ಓದುಗರೇ, ಈಗಲೇ ಎದ್ದು ನಿಮ್ಮ ಬಾಯ್ಲರ್ ಕಡೆ ಕತ್ತೆತ್ತಿ ನೋಡಿ. ಸೇಫ್ಟಿ ವಾಲ್ವಿನ ಬಾಯಿ ಮುಚ್ಚಿದ್ದರೆ, ಅಥವಾ ನಲ್ಲಿಯಲ್ಲಿ ಹಬೆ ಬಂದರೆ, ಅದನ್ನು ಮುಟ್ಟಬೇಡಿ. ಮೇನ್ ಸ್ವಿಚ್ ಆರಿಸಿ, ಮನೆಯವರನ್ನೆಲ್ಲ ಹೊರಗೆ ಕಳಿಸಿ, ರಿಪೇರಿ ಬಲ್ಲವರನ್ನು ಕರೆಯಿರಿ. ಎಲ್ಲ ಸರಿಯಿದ್ದರೂ ವರ್ಷಕ್ಕೊಮ್ಮೆ ಟ್ಯಾಂಕ್ ತೆರೆಸಿ ತೊಳೆಸಿ. ನಿಮ್ಮ ಬೀದಿಯಲ್ಲೂ ಎಲ್ಲರಿಗೂ ಉಪಕಾರ ಮಾಡುವ ಇಂಥ ತಾತ ಒಬ್ಬರು ಇದ್ದರೆ, ಇವತ್ತೇ ಅವರನ್ನು ಕೂರಿಸಿಕೊಂಡು ಇದನ್ನು ಓದಿ ಹೇಳಿ.